‘ವೊಲಾರೆ’ ಮತ್ತು ಅದರಾಚೆಯ ಮೊದುನ್ಯೊ

ಓದುಗರ ಪತ್ರ: ‘ನಮ್ಮ ಹಾಡುಗಾರರ ಬಳಗದ ವಾರ್ಷಿಕ ಕಾರ್ಯಕ್ರಮದಲ್ಲಿ ಇಟಲಿಯ “ವೊಲಾರೆ” ಹಾಡಬೇಕೆಂದಿದ್ದೇನೆ. ಅದು ಜಿಪ್ಸಿ ಕಿಂಗ್ಸ್ ತಂಡದ್ದು ಎಂದು ಕೆಲವರು, ಡೀನ್ ಮಾರ್ಟಿನ್‌ ಅವರದ್ದು ಎಂದು ಕೆಲವರು ಹೇಳುತ್ತಾರೆ. ಯೂರೊವಿಷನ್ ಗೆದ್ದ ಹಾಡು ಎಂದೂ ಕೇಳಿದ್ದೇನೆ. ನಿಜವಾಗಿ ಯಾರದ್ದು? ಹಾಡುವಾಗ ಎಲ್ಲಿ ಎಡವುತ್ತಾರೆ? ಅವರ ಬೇರೆ ಹಾಡುಗಳಲ್ಲಿ ಯಾವುದನ್ನು ಮೊದಲು ಕೇಳಬೇಕು?’ — ಹುಬ್ಬಳ್ಳಿಯ ಓದುಗರು

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಹಾಡಿಗೆ ರಾಗ ಹಾಕಿ ಮೊದಲು ಹಾಡಿದವರು ದೊಮೇನಿಕೊ ಮೊದುನ್ಯೊ. ಸಾಹಿತ್ಯದಲ್ಲಿ ಅವರ ಜೊತೆ ಗೆಳೆಯ ಫ್ರಾಂಕೊ ಮಿಲ್ಯಾಚ್ಚಿ ಇದ್ದರು. ಹಾಡಿನ ಅಸಲಿ ಹೆಸರು ‘ನೆಲ್ ಬ್ಲು ದಿಪಿಂತೊ ದಿ ಬ್ಲು’. ಪಲ್ಲವಿಯ ಮೊದಲ ಪದ ‘ವೊಲಾರೆ’, ಅಂದರೆ ‘ಹಾರುವುದು’, ಜನರ ಬಾಯಲ್ಲಿ ಹೆಸರಾಗಿ ನಿಂತಿತು. ಅದು ಗೆದ್ದದ್ದು ಇಟಲಿಯ ಹಾಡಿನ ಸ್ಪರ್ಧೆಯಾದ ಸಾನ್‌ರೆಮೊ ಉತ್ಸವವನ್ನು, ಯುರೋಪಿನ ದೇಶಗಳ ನಡುವಿನ ಸ್ಪರ್ಧೆಯಾದ ಯೂರೊವಿಷನ್ ಅನ್ನಲ್ಲ. 1958ರ ಮಾರ್ಚ್ 12ರಂದು ನೆದರ್ಲೆಂಡ್ಸ್‌ನ ಹಿಲ್ವರ್ಸಮ್‌ನಲ್ಲಿ ನಡೆದ ಯೂರೊವಿಷನ್‌ನಲ್ಲಿ ಇಟಲಿಗೆ ಬಂದದ್ದು ಮೂರನೇ ಸ್ಥಾನ. ಮೊದಲ ಸರದಿ ಮೊದುನ್ಯೊ ಅವರದೇ. ಪ್ರಸಾರ ಎಲ್ಲ ದೇಶಗಳಿಗೂ ತಲುಪಿರಲಿಲ್ಲವಾಗಿ ಕೊನೆಯಲ್ಲಿ ಅವರನ್ನು ಮತ್ತೊಮ್ಮೆ ಹಾಡಿಸಿದರು. ಅದೇ ವರ್ಷ ಅಮೆರಿಕದಲ್ಲಿ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಶುರುವಾದ ತಿಂಗಳಲ್ಲೇ ಈ ಹಾಡು ಮೊದಲ ಸ್ಥಾನಕ್ಕೇರಿತು. ನಡುವೆ ಒಂದು ವಾರ ಕೆಳಗಿಳಿದದ್ದು ಬಿಟ್ಟರೆ ಒಟ್ಟು ಐದು ವಾರ ಅಲ್ಲೇ ಇತ್ತು. 1959ರ ಮೇ ತಿಂಗಳಲ್ಲಿ ನಡೆದ ಮೊಟ್ಟಮೊದಲ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ರೆಕಾರ್ಡ್, ವರ್ಷದ ಹಾಡು ಎರಡೂ ಪ್ರಶಸ್ತಿ ಇದಕ್ಕೇ ಸಂದವು. ಅಮೆರಿಕದ ಗಾಯಕ ಡೀನ್ ಮಾರ್ಟಿನ್ 1958ರಲ್ಲೇ ಹಾಡಿದರು. ಜಿಪ್ಸಿ ಕಿಂಗ್ಸ್ ಹಾಡಿದ್ದು 1989ರಲ್ಲಿ.

ಈಗ ಮುಖ್ಯ ಮಾತಿಗೆ ಬರೋಣ. ಮೊದುನ್ಯೊ ಮೊದಲು ನಟ. ಹಾಡನ್ನು ಅವರು ಒಂದು ಪಾತ್ರವಾಗಿ ಕಟ್ಟುತ್ತಿದ್ದರು. ಇದು ತಲೆಯಲ್ಲಿದ್ದರೆ ‘ವೊಲಾರೆ’ ಹೇಗೆ ಹಾಡಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಅವರು ಹುಟ್ಟಿದ್ದು 1928ರ ಜನವರಿ 9ರಂದು, ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತ್ಯದ ಕಡಲತೀರದ ಊರು ಪೊಲಿನ್ಯಾನೊ ಅ ಮಾರೆಯಲ್ಲಿ. ಬೆಳೆದದ್ದು ಬ್ರಿಂದಿಸಿ ಹತ್ತಿರದ ಸಾನ್ ಪ್ಯೆತ್ರೊ ವೆರ್ನೊತಿಕೊದಲ್ಲಿ. ಆ ಊರಿನ ಆಡುನುಡಿ ಸಿಸಿಲಿಯ ನುಡಿಗೆ ಹತ್ತಿರ. ನಟನಾಗಬೇಕೆಂದು ಮನೆ ಬಿಟ್ಟವರು ಕೊನೆಗೆ ಸೇರಿದ್ದು ರೋಮಿನ ಸಿನಿಮಾ ಶಾಲೆ ಚೆಂತ್ರೊ ಸ್ಪೆರಿಮೆಂತಾಲೆಯನ್ನು. ಹೊಟ್ಟೆಪಾಡಿಗೆ ಗಿಟಾರ್ ಹಿಡಿದು ತಮ್ಮೂರಿನ ನುಡಿಯಲ್ಲಿ ಹಾಡು ಕಟ್ಟಿ ರೇಡಿಯೊದಲ್ಲಿ ಹಾಡತೊಡಗಿದರು. ಸಿಸಿಲಿಯವನೆಂದರೆ ಕೇಳುಗರಿಗೆ ಬೇಗ ಹಿಡಿಸುತ್ತದೆಂದು ಅವರನ್ನು ಸಿಸಿಲಿಯವರೆಂದೇ ಪರಿಚಯಿಸಲಾಯಿತು, ಅವರೂ ಒಪ್ಪಿಕೊಂಡರು. ಹುಟ್ಟೂರಿನವರಿಗೆ ಇದು ಬಹುಕಾಲ ನೋವಾಗಿ ಉಳಿಯಿತು.

ಆ ಕಾಲದ ಹಾಡುಗಳಲ್ಲಿ ನೀವು ಮೊದಲು ಕೇಳಬೇಕಾದದ್ದು ‘ಲು ಪಿಶಿ ಸ್ಪಾದ’. ಮೆಸ್ಸೀನ ಜಲಸಂಧಿಯಲ್ಲಿ ಕತ್ತಿಮೀನು ಹಿಡಿಯುವ ಬೆಸ್ತರು ಹೆಣ್ಣುಮೀನಿಗೆ ಈಟಿ ಹೊಡೆದಿದ್ದಾರೆ. ಗಂಡು ಅವಳನ್ನು ಬಿಟ್ಟು ಹೋಗುವುದಿಲ್ಲ. ಒಂದು ಗಿಟಾರ್ ಹಿಡಿದ ಒಬ್ಬನೇ ಗಾಯಕ ಇಲ್ಲಿ ದೋಣಿಯವರ ಕೂಗಾಗುತ್ತಾನೆ, ‘ಓಡಿಹೋಗು’ ಎಂದು ಬೇಡುವ ಹೆಣ್ಣಾಗುತ್ತಾನೆ, ನಿನ್ನ ಜೊತೆಗೇ ಸಾಯುತ್ತೇನೆ ಎನ್ನುವ ಗಂಡಾಗುತ್ತಾನೆ. ಕೂಗಿನ ಜಾಗದಲ್ಲಿ ದನಿ ಒರಟು, ಹೆಣ್ಣಿನ ಜಾಗದಲ್ಲಿ ಬರೀ ಉಸಿರು. ಭಾಷೆ ತಿಳಿಯದವರಿಗೂ ಯಾರು ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ. ನಮ್ಮ ಪ್ರಕಾರ ಮೊದುನ್ಯೊ ಏನೆಂದು ತಿಳಿಯಲು ಇದೊಂದೇ ಹಾಡು ಸಾಕು, ‘ವೊಲಾರೆ’ ಕೂಡ ಬೇಕಿಲ್ಲ.

ಎರಡನೆಯದು 1955ರ ‘ವೆಕ್ಯೊ ಫ್ರಾಕ್’. ನಡುರಾತ್ರಿ ಹಳೆಯ ಟೈಲ್‌ಕೋಟ್ ತೊಟ್ಟ ಒಬ್ಬಾತ ಖಾಲಿ ಬೀದಿಯಲ್ಲಿ ನಡೆದುಹೋಗುತ್ತಾನೆ, ಬೆಳಗಿನ ಹೊತ್ತಿಗೆ ಕೋಟು ಹೊಳೆಯಲ್ಲಿ ತೇಲುತ್ತಿರುತ್ತದೆ. ಏರುದನಿಯೇ ಇಲ್ಲದ, ಸಿಳ್ಳೆ ಹಾಕುತ್ತ ಹೇಳುವ ಸಾವಿನ ಕಥೆ ಅದು.

ಸಾನ್‌ರೆಮೊಗೆ ಬರೋಣ. 1958ರ ಜನವರಿ ಕೊನೆಯಲ್ಲಿ ಅಲ್ಲಿನ ಕ್ಯಾಸಿನೊ ಸಭಾಂಗಣದಲ್ಲಿ ನಡೆದದ್ದು ಉತ್ಸವದ ಎಂಟನೇ ವರ್ಷ. ಪ್ರತಿ ಹಾಡನ್ನೂ ಇಬ್ಬರು ಬೇರೆ ಬೇರೆಯಾಗಿ ಹಾಡುವುದು ಆಗಿನ ಪದ್ಧತಿ. ಮೊದುನ್ಯೊ ಹಾಡಿನ ಇನ್ನೊಬ್ಬ ಗಾಯಕ ಜಾನಿ ದೊರೆಲ್ಲಿ. ಎದೆಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತು ಹಾಡುವುದು ಅಲ್ಲಿನ ವಾಡಿಕೆಯಾಗಿತ್ತು. ಮೊದುನ್ಯೊ ಪಲ್ಲವಿ ಬಂದಾಗ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದರು. ಇಟಲಿಯ ಜನಪ್ರಿಯ ಗಾಯನ ಆ ರಾತ್ರಿಯಿಂದ ಬದಲಾಯಿತು ಎಂದು ಬರೆಯುವವರಿದ್ದಾರೆ, ಅದು ಉತ್ಪ್ರೇಕ್ಷೆಯಲ್ಲ. ತಾನೇ ಬರೆದು, ರಾಗ ಹಾಕಿ, ತನ್ನದೇ ಮೈಯಲ್ಲಿ ಹಾಡುವವನಿಗೆ ಅಲ್ಲಿ ಜಾಗ ತೆರೆದುಕೊಂಡಿತು. ಸಾಹಿತ್ಯದ ಎಳೆ ಚಿತ್ರಕಾರ ಮಾರ್ಕ್ ಶಗಾಲ್ ಅವರ ಚಿತ್ರಗಳಿಂದ ಬಂತೆಂದು ಮಿಲ್ಯಾಚ್ಚಿ ಹೇಳುತ್ತಿದ್ದರು. ಕೈ ಮುಖಕ್ಕೆ ನೀಲಿ ಬಳಿದುಕೊಳ್ಳುವ ಕನಸಿನ ಮೂಲ ಅದು.

ಇನ್ನು ನೀವು ಹಾಡುವ ಬಗ್ಗೆ. ಹಾಡು ಶುರುವಾಗುವುದು ಪಲ್ಲವಿಯಿಂದಲ್ಲ, ಮಾತಿನ ಧಾಟಿಯ ನಾಲ್ಕು ಸಾಲುಗಳಿಂದ: ಇಂಥ ಕನಸು ಮತ್ತೆ ಬೀಳಲಾರದು, ನನಗೆ ನಾನೇ ನೀಲಿ ಬಳಿದುಕೊಂಡೆ, ಗಾಳಿ ಎತ್ತಿಕೊಂಡು ಹೋಯಿತು. ಡೀನ್ ಮಾರ್ಟಿನ್ ಇದನ್ನು ಬಿಟ್ಟು ನೇರ ಪಲ್ಲವಿಗೆ ಹೋಗುತ್ತಾರೆ. ಜಿಪ್ಸಿ ಕಿಂಗ್ಸ್ ಇಟ್ಟುಕೊಂಡರೂ ಅದನ್ನು ಸ್ಪ್ಯಾನಿಷ್‌ಗೆ ತಂದು ರುಂಬಾ ಲಯಕ್ಕೆ ಕೂರಿಸಿದ್ದಾರೆ. ಆ ನಾಲ್ಕು ಸಾಲನ್ನು ನೆಲದ ಮೇಲೆ ನಿಂತು ಹೇಳಿದರೆ ಮಾತ್ರ ‘ಹಾರುವುದು’ ಹಾರಿದಂತೆ ಕೇಳಿಸುತ್ತದೆ. ಆದ್ದರಿಂದ ಕರೋಕೆ ಟ್ರ್ಯಾಕ್ ಆರಿಸುವಾಗ ಮೊದಲ ಅರ್ಧ ನಿಮಿಷ ಕೇಳಿ ನೋಡಿ. ನೇರ ಪಲ್ಲವಿಯಿಂದ ಶುರುವಾದರೆ ಅದು ನಿಮಗೆ ಬೇಕಾದ್ದಲ್ಲ.

ಆ ಸಾಲುಗಳ ನಡೆ ಮೂರು ಮೂರು. ತ್ರಿಶ್ರ ನಡೆ ಗೊತ್ತಿದ್ದವರು ನಿಧಾನವಾಗಿ ತಾಳ ಹಾಕುತ್ತ ‘ತಕಿಟ ತಕಿಟ’ ಹೇಳಿಕೊಂಡು ಅದರ ಮೇಲೆ ಪದ ಕೂರಿಸಲಿ: ‘ಪೆನ್‌ಸೊಕೆಉನ್ | ಸೋಞ್ಞೊಕೊ | ಸೀ…’. ಇಲ್ಲಿ ‘ಕೆ’ ಮತ್ತು ‘ಉನ್’ ಒಂದೇ ಸ್ವರದಲ್ಲಿ ಮುಗಿಯಬೇಕು. ಪದಾಂತ್ಯದ ಸ್ವರಾಕ್ಷರವೂ ಮುಂದಿನ ಪದದ ಮೊದಲ ಸ್ವರಾಕ್ಷರವೂ ಇಟಾಲಿಯನ್ ಹಾಡಿನಲ್ಲಿ ಕೂಡಿಕೊಳ್ಳುತ್ತವೆ. ಬಿಡಿಸಿ ಹಾಡಿದವರಿಗೆ ಇಂಥ ಕಡೆಗಳಲ್ಲಿ ಒಂದು ಅಕ್ಷರ ಹೆಚ್ಚಾಗಿ ತಾಳ ತಪ್ಪುತ್ತದೆ. ಸಾಮಾನ್ಯವಾಗಿ ಎಡವುವ ಮೊದಲ ಜಾಗ ಇದೇ.

ಉಚ್ಚಾರದಲ್ಲಿ ಕನ್ನಡಿಗರಿಗೆ ಅನುಕೂಲ ಹೆಚ್ಚು, ಇಂಗ್ಲಿಷ್ ಮೂಲಕ ಹೋಗದಿದ್ದರೆ. ತ, ದ ನಮ್ಮ ತ, ದಗಳೇ. ‘ದಿಪಿಂತೊ’ ಎನ್ನಿ, ‘ಡಿಪಿಂಟೊ’ ಬೇಡ. ಒತ್ತಕ್ಷರಗಳನ್ನು ಪೂರ್ತಿ ಒತ್ತಿ: ‘ಫಾಚ್ಚ’, ‘ಲಸ್ಸು’. ಸಾಹಿತ್ಯವನ್ನು ಇಂಗ್ಲಿಷ್ ಲಿಪಿಯಿಂದ ಓದದೆ, ಮೂಲ ದನಿ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ.

ಶ್ರುತಿಯನ್ನು ಮೊದಲ ಸಾಲು ಹಾಡಿ ನಿರ್ಧರಿಸಬೇಡಿ. ಅದು ಎಲ್ಲರಿಗೂ ಸಲೀಸು. ಪಲ್ಲವಿಯನ್ನೂ, ಅದರ ನಂತರ ಸೂರ್ಯನಿಗಿಂತ ಮೇಲೆ ಹಾರುವ ‘ಎ ವೊಲಾವೊ’ ಭಾಗವನ್ನೂ ಗಂಟಲು ಬಿಗಿಯದೆ ಹಾಡಲು ಬರುವ ಶ್ರುತಿ ಹಿಡಿಯಿರಿ. ಪಲ್ಲವಿಯಲ್ಲಿ ‘ವೊಲಾರೆ’ ನಂತರ ‘ಓ’ ಎರಡು, ‘ಕಂತಾರೆ’ ನಂತರ ನಾಲ್ಕು. ಸಭೆಯಲ್ಲಿ ಜನ ಜೊತೆಗೂಡಿದಾಗ ಎರಡೂ ಕಡೆ ನಾಲ್ಕು ಹಾಡಿ ವಾದ್ಯದವರನ್ನು ದಾರಿ ತಪ್ಪಿಸುತ್ತಾರೆ. ತಬಲಾ ಅಥವಾ ಡ್ರಮ್ಸ್‌ನವರಿಗೆ ಮೊದಲೇ ಹೇಳಿಡಿ. ‘ಲಾ’ ಮೇಲೆ ನಿಲ್ಲಿ, ‘ರೆ’ ಮೇಲೆ ಅಲ್ಲ.

ಇನ್ನೊಂದು ತಪ್ಪು ಒಳ್ಳೆಯ ಗಾಯಕರೂ ಮಾಡುತ್ತಾರೆ. ಮೊದಲ ಪಲ್ಲವಿಗಳು ‘ಲಸ್ಸು’ ಎಂದು ಮುಗಿಯುತ್ತವೆ: ಅಲ್ಲಿ ಮೇಲೆ ಇರುವುದೇ ಸುಖ. ಎರಡನೆಯ ಸಲ ನಾಲ್ಕು ಸಾಲು ಬಂದು, ಕನಸೆಲ್ಲ ನಸುಕಿನಲ್ಲಿ ಕರಗಿದರೂ ನಿನ್ನ ಕಣ್ಣಲ್ಲಿ ಕನಸು ಕಾಣುತ್ತಿದ್ದೇನೆ ಎಂದ ಮೇಲೆ ಪಲ್ಲವಿ ‘ಕ್ವಜ್ಜು’ ಎಂದು ಮುಗಿಯುತ್ತದೆ: ಇಲ್ಲಿ, ಕೆಳಗೆ, ನಿನ್ನ ಕಣ್ಣಿನ ನೀಲಿಯಲ್ಲಿ ಸುಖ. ಹಾಡಿನ ಕಥೆ ಈ ಬದಲಾವಣೆಯಲ್ಲೇ ಇದೆ. ಕೊನೆಯ ತನಕ ‘ಲಸ್ಸು’ ಹಾಡಿದರೆ ಹಾರಿಹೋದವನು ಇಳಿಯುವುದೇ ಇಲ್ಲ. ಹಾಳೆಯಲ್ಲಿ ಅದರ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಿ.

1958ರ ನಂತರದ್ದನ್ನು ಚುಟುಕಾಗಿ ಹೇಳುತ್ತೇವೆ. 1959, 1962, 1966ರಲ್ಲೂ ಸಾನ್‌ರೆಮೊ ಅವರದಾಯಿತು. 1966ರ ‘ದಿಯೊ, ಕೊಮೆ ತಿ ಆಮೊ’ ಯೂರೊವಿಷನ್‌ನಲ್ಲಿ ಮಾತ್ರ ಒಂದು ಅಂಕವನ್ನೂ ಪಡೆಯಲಿಲ್ಲ. 1964ರಲ್ಲಿ ನೇಪಲ್ಸ್ ಉತ್ಸವವನ್ನೂ ಗೆದ್ದರು. ಇವುಗಳಿಗಿಂತ ಹೆಚ್ಚು ಬಾಳುವುದು ‘ಕೋಸ ಸೋನೊ ಲೆ ನೂವೊಲೆ’. ಸಾಹಿತ್ಯ ಕವಿ, ಸಿನಿಮಾ ನಿರ್ದೇಶಕ ಪಿಯೆರ್ ಪಾವೊಲೊ ಪಸೊಲಿನಿಯವರದು, ರಾಗ ಮೊದುನ್ಯೊ ಅವರದು. ಪಸೊಲಿನಿಯವರ ಕಿರುಚಿತ್ರದಲ್ಲಿ ಒಥೆಲೊ ನಾಟಕದ ಸೂತ್ರದ ಬೊಂಬೆಗಳನ್ನು ಕಸದ ಲಾರಿಯಲ್ಲಿ ಹೊತ್ತೊಯ್ಯುವ ಕಸದವನಾಗಿ ಮೊದುನ್ಯೊ ಇದನ್ನು ಹಾಡುತ್ತಾರೆ. ಊರು ಬಿಟ್ಟು ಹೊಟ್ಟೆಪಾಡಿಗೆ ಹೊರಡುವವರ ಹಾಡು ‘ಅಮಾರ ತೆರ್ರ ಮಿಯ’ 1970ರ ದಶಕದ ಆರಂಭದ್ದು. ಜನಪದ ಹಾಡೊಂದರಿಂದ ಬೆಳೆದದ್ದು.

1984ರಲ್ಲಿ ಪಾರ್ಶ್ವವಾಯು ಬಡಿಯಿತು. 1987ರಲ್ಲಿ ರ‍್ಯಾಡಿಕಲ್ ಪಕ್ಷದಿಂದ ಸಂಸತ್ತಿಗೆ ಆರಿಸಿಬಂದು ಅಂಗವಿಕಲರ ಪರವಾಗಿ, ಅಗ್ರಿಜೆಂತೊ ಮಾನಸಿಕ ಆಸ್ಪತ್ರೆಯ ರೋಗಿಗಳ ದುಃಸ್ಥಿತಿಯ ವಿರುದ್ಧ ಹೋರಾಡಿದರು. 1993ರ ಆಗಸ್ಟ್‌ನಲ್ಲಿ ಪೊಲಿನ್ಯಾನೊದಲ್ಲಿ ಹಾಡಿದಾಗ ಹುಟ್ಟೂರಿನ ಮುನಿಸೂ ಕರಗಿತು. 1994ರ ಆಗಸ್ಟ್ 6ರಂದು ಲಾಂಪೆದೂಸ ದ್ವೀಪದ ತಮ್ಮ ಮನೆಯಲ್ಲಿ ತೀರಿಕೊಂಡರು.

ಕೇಳುವ ಕ್ರಮ ಹೀಗಿರಲಿ: ‘ಲು ಪಿಶಿ ಸ್ಪಾದ’, ‘ವೆಕ್ಯೊ ಫ್ರಾಕ್’, ಆಮೇಲೆ ‘ವೊಲಾರೆ’, ನಂತರ ‘ಕೋಸ ಸೋನೊ ಲೆ ನೂವೊಲೆ’ ಮತ್ತು ‘ಅಮಾರ ತೆರ್ರ ಮಿಯ’. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಒಂದೇ ಹಾಡು ಹತ್ತಾರು ಸಂಕಲನಗಳಲ್ಲಿ ಸಿಗುತ್ತದೆ. ಅಲ್ಲಿ ಕಾಣುವ ಇಸವಿ ಎಷ್ಟೋ ಸಲ ಸಂಕಲನದ್ದು, ಧ್ವನಿಮುದ್ರಣದ್ದಲ್ಲ. ಮೊದುನ್ಯೊ ತಮ್ಮ ಹಳೆಯ ಹಾಡುಗಳನ್ನು ಮುಂದೆ ಮತ್ತೆ ಹಾಡಿ ಮುದ್ರಿಸಿದ್ದೂ ಉಂಟು. 1958ರದ್ದು ಸುಮಾರು ಮೂರೂವರೆ ನಿಮಿಷದ, ಸಣ್ಣ ವಾದ್ಯತಂಡದ ಮುದ್ರಣ. ಹಿಂದೆ ದೊಡ್ಡ ವಯಲಿನ್ ದಂಡು ಕೇಳಿಸಿದರೆ ಬೇರೊಂದನ್ನು ಹುಡುಕಿ.

— ಸಂ.