ಗೃಹಭಂಗ ಓದಿ ಅಳು ಬಂತು, ಘಾಚರ್ ಘೋಚರ್ ಓದಿ ಭಯ ಆಯ್ತು, ಯಾಕೆ?

ಪ್ರಶ್ನೆ: ಮೇಡಂ ನಮಸ್ತೆ. ಈಚೆಗೆ ಎರಡು ಕಾದಂಬರಿ ಓದಿದೆ, ಮೊದ್ಲು ಭೈರಪ್ಪನವರ ಗೃಹಭಂಗ, ಅದಾದ್ಮೇಲೆ ವಿವೇಕ ಶಾನಭಾಗರ ಘಾಚರ್ ಘೋಚರ್. ಗೃಹಭಂಗದಲ್ಲಿ ಮಕ್ಕಳು ಪಾರ್ವತಿ, ರಾಮಣ್ಣ ಪ್ಲೇಗಿಗೆ ಹೋದಾಗ ಅತ್ತುಬಿಟ್ಟೆ, ಆಮೇಲೆ ಅವ್ರ ತಾಯಿ ನಂಜಮ್ಮನೂ ಹೋದಾಗ ಪುಸ್ತಕ ಮಡಚಿಟ್ಟು ಸುಮಾರು ದಿನ ಮುಟ್ಲೇ ಇಲ್ಲ. ಘಾಚರ್ ಘೋಚರ್‌ನಲ್ಲಿ ಅಂಥದ್ದೇನೂ ಆಗಲ್ಲ, ಸಣ್ಣ ಪುಸ್ತಕ, ಒಂದೇ ಸಂಜೆಗೆ ಮುಗೀತು, ಆದ್ರೆ ರಾತ್ರಿ ನಿದ್ದೆ ಹತ್ಲಿಲ್ಲ. ಯಾಕೆ ಹೀಗೆ? ಗೃಹಭಂಗ ನಿಜವಾಗ್ಲೂ ನಡೆದ ಕಥೆನಾ? ಮುಂದೆ ಏನು ಓದ್ಲಿ?
(ಓದುಗರೊಬ್ಬರು, ತಿಪಟೂರು)

ಉತ್ತರ: ನಮಸ್ಕಾರ. ನೀವು ತಿಪಟೂರಿನವರಾದ್ರೆ ಗೃಹಭಂಗದ ಮಾತು ನಿಮ್ಮ ಮನೆ ಮಾತೇ ಆಯ್ತು, ಅದಕ್ಕೂ ಸಂಕಟ ಜಾಸ್ತಿ ತಟ್ಟಿರ್ಬೇಕು. ಭೈರಪ್ಪನವರ ಊರು ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರ, ಅವ್ರ ತಾಯಿ ತೀರಿಕೊಂಡಿದ್ದೂ ಪ್ಲೇಗಿನಲ್ಲೇ. ಕಾದಂಬರಿ ಬಂದಿದ್ದು 1970ರಲ್ಲಿ, ಆತ್ಮಕಥೆ ಭಿತ್ತಿ ಬಂದಿದ್ದು 1996ರಲ್ಲಿ. ಭಿತ್ತಿಯ ಮೊದಲ ಭಾಗ ಓದಿದ್ರೆ ಯಾವುದು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಾಗುತ್ತೆ, ಆದ್ರೂ ನಂಜಮ್ಮನನ್ನ ಬರೀ ಅವ್ರ ತಾಯಿ ಅಂತ ಓದ್ಬೇಡಿ, ಅವಳು ಅದಕ್ಕಿಂತ ದೊಡ್ಡೋಳಾಗಿ ಬೆಳೆದಿದ್ದಾಳೆ.

ನನಗೆ ಸಾವುಗಳಿಗಿಂತ ಜಾಸ್ತಿ ಕಾಡೋದು ಅವಳು ಕೂತು ಶಾನುಭೋಗಿಕೆ ಲೆಕ್ಕ ಬರೆಯೋದು. ಅಧಿಕಾರ ಗಂಡನ ಹೆಸರಲ್ಲಿದೆ, ಆದ್ರೆ ಚೆನ್ನಿಗರಾಯನಿಗೆ ತನ್ನ ಹೊಟ್ಟೆ ಬಿಟ್ರೆ ಬೇರೆ ಚಿಂತೆ ಇಲ್ಲ, ಜಮೀನು ಮನೆಯೋರೇ ಸೇರಿ ಕಳೆದಿದ್ದಾರೆ, ಇವಳು ಲೆಕ್ಕಾನೂ ಬರೀತಾಳೆ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೇನೂ ತುಂಬಿಸ್ತಾಳೆ. ಆ ಮನೆ ಮುರಿದಿದ್ದು ಪ್ಲೇಗಿನಿಂದಲ್ಲ, ಇಲಿ ಬೀಳೋಕೆ ಎಷ್ಟೋ ವರ್ಷ ಮೊದ್ಲೇ ಮುರಿದಿತ್ತು. ಕೊನೆಗೆ ಉಳಿದ ಮಗ ವಿಶ್ವನ ಕೈ ಹಿಡಿಯೋರೂ ಅಪ್ಪ ಅಜ್ಜಿ ಅಲ್ಲ, ಭಿಕ್ಷೆ ಎತ್ತಿ ಬದುಕೋ ಮಾದೇವಯ್ಯನವರು.

ಈಗ ಘಾಚರ್ ಘೋಚರ್‌ಗೆ ಬನ್ನಿ. ಇಲ್ಲಿ ಬಡತನ ಮುಗಿದಿದೆ, ಕಥೆ ಹೇಳೋ ಹುಡುಗನ ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಚೆನ್ನಾಗಿ ನಡೀತಿದೆ, ಮನೆ ಮಂದಿಯೆಲ್ಲ ಆ ಒಬ್ಬನ ದುಡಿಮೆ ಮೇಲೆ ಆರಾಮಾಗಿದ್ದಾರೆ. ಚಿಕ್ಕಪ್ಪನನ್ನ ಕೇಳ್ಕೊಂಡು ಒಬ್ಬ ಹೆಂಗಸು ಅಡುಗೆ ಹಿಡ್ಕೊಂಡು ಬಾಗಿಲಿಗೆ ಬರ್ತಾಳಲ್ಲ, ಆ ಭಾಗ ಇನ್ನೊಂದ್ಸಲ ಓದಿ. ಹುಡುಗನ ಅಮ್ಮ, ಅಕ್ಕ ಮಾಲತಿ ಅವಳ ಮೇಲೆ ಎಗರಿ ಅಟ್ತಾರೆ, ಚಿಕ್ಕಪ್ಪ ಒಳಗೇ ಇರ್ತಾನೆ. ಕಥೆ ಹೇಳೋ ಹುಡುಗ ಎಲ್ಲಾನೂ ನೋಡ್ತಾನೆ, ತಡೆಯಲ್ಲ. ಅವನ ಹೆಂಡತಿ ಅನಿತಾ ಒಬ್ಬಳೇ ಇದು ತಪ್ಪು ಅಂತಾಳೆ, ಅಲ್ಲಿಂದಾಚೆ ಅವಳು ಆ ಮನೆಗೆ ಹೊರಗಿನೋಳು. ಹಳೇ ಮನೇಲಿ ಇರುವೆ ಕೊಲ್ಲೋ ಪುಟಗಳಿವೆಯಲ್ಲ, ಅದನ್ನ ಮೊದಲ ಓದಿಗೆ ಬಡತನದ ಕಷ್ಟ ಅಂತ ಓದ್ಕೊಂಡು ಹೋಗ್ಬಿಡ್ತೀವಿ, ಆದ್ರೆ ಸಾಯಿಸೋದು ರೂಢಿ ಆಗೋಗಿದ್ದು ಅಲ್ಲೇ.

ನಿಮ್ಮ ಭಯ ಅಲ್ಲಿಂದ ಬಂದಿದ್ದು ಅಂತ ನನಗನ್ಸುತ್ತೆ. ಗೃಹಭಂಗದಲ್ಲಿ ನಾವು ನಂಜಮ್ಮನ ಪಕ್ಕ ನಿಂತಿರ್ತೀವಿ, ಅಳೋಕೆ ನಮಗೊಂದು ಜಾಗ ಇದೆ. ಘಾಚರ್ ಘೋಚರ್‌ನಲ್ಲಿ ಅನಿತಾ ಪಕ್ಕ ನಿಲ್ಲೋಕೆ ಬಿಡೋದೇ ಇಲ್ಲ, ಅವಳ ಗಂಡನ ತಲೆಯೊಳಗೆ ಕೂತಿರ್ತೀವಿ, ಅವನು ಕಾಫಿ ಹೌಸಲ್ಲಿ ಕೂತು ಅಲ್ಲಿನ ವೇಟರ್ ವಿನ್ಸೆಂಟ್ ತಂದಿಟ್ಟಿದ್ದನ್ನ ಕುಡೀತಾ ಹೇಳಿದ್ದನ್ನೆಲ್ಲ ಹೂಂ ಹೂಂ ಅಂತ ಕೇಳ್ಕೊಂಡು ಬಂದಿರ್ತೀವಿ, ಕೊನೇ ಪುಟಕ್ಕೆ ಬಂದಾಗ ನಾವೂ ಸುಮ್ಮನಿದ್ದವರೇ ಅಂತ ಹೊಳೆಯುತ್ತೆ. 2013ರಲ್ಲಿ ಬಂದ ಇಷ್ಟು ತೆಳು ಪುಸ್ತಕ ಹೀಗೆ ಹಿಡ್ಕೊಳ್ಳೋದು ಈ ಕಾರಣಕ್ಕೇ ಅಂತ ನನ್ನ ನಂಬಿಕೆ.

ಮುಂದೆ ಮೊದ್ಲು ಭಿತ್ತಿ ಓದಿ, ಆಮೇಲೆ ಶಾನಭಾಗರದ್ದೇ ಸಕೀನಾಳ ಮುತ್ತು ತಗೊಳ್ಳಿ. ಅಲ್ಲೂ ಒಬ್ಬ ಗಂಡಸು ತನ್ನ ಮನೆ ಕಥೆ ಹೇಳ್ತಾನೆ, ಈ ಸಲ ಅವನನ್ನ ನಂಬೋಕೆ ಮುಂಚೆ ಮಗಳು ರೇಖಾ ಏನಂತಾಳೆ ಅಂತ ಗಮನ ಇಟ್ಟು ಓದಿ, ಮುಗಿದ ಮೇಲೆ ನಮಗೆ ಖಂಡಿತ ಬರೀರಿ.