ಸಾಯ್ತಿರೋ ಹಾರ್ಡ್ ಡಿಸ್ಕ್, ಒಳಗೆ ಸಿಕ್ಕಾಕೊಂಡ ಫೋಟೋ

ಪ್ರಶ್ನೆ: ಸರ್, ಹಾರ್ಡ್ ಡಿಸ್ಕ್ ಸಿಕ್ಕಾಪಟ್ಟೆ ಸ್ಲೋ ಆಗಿದೆ, ಫೋಟೋ ಕಾಪಿ ಮಾಡೋಕೆ ಹೋದ್ರೆ ಅರ್ಧಕ್ಕೇ ನಿಂತೋಗುತ್ತೆ, ವಿಂಡೋಸ್ ಬೇರೆ ಸ್ಕ್ಯಾನ್ ಮಾಡಿ ಸರಿ ಮಾಡ್ಲಾ ಅಂತ ಕೇಳ್ತಿದೆ. ಓಕೆ ಕೊಡ್ಲಾ?

ಉತ್ತರ: ಕೊಡ್ಲೇಬೇಡಿ. ಅದು ರಿಪೇರಿ ಮಾಡೋದು ಫೈಲ್ ಸಿಸ್ಟಮ್‌ನ (ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ), ನಿಮ್ಮ ಫೋಟೋನಲ್ಲ, ಕೆಟ್ಟ ಡಿಸ್ಕ್ ಮೇಲೆ ಬರೆಯೋಕೆ ಶುರು ಮಾಡಿದ್ರೆ ಇರೋದೂ ಹೋಗ್ಬೋದು. ಮೊದ್ಲು ಕಿವಿಗೊಟ್ಟು ಕೇಳಿ, ಕಟ್ ಕಟ್ ಅಂತಿದ್ರೆ ಹೆಡ್ (ಡೇಟಾ ಓದೋ ಭಾಗ) ಹೋಗಿರೋ ಚಾನ್ಸ್ ಜಾಸ್ತಿ, ತಕ್ಷಣ ಪವರ್ ತೆಗ್ದು ಕ್ಲೀನ್‌ರೂಮ್ (ಧೂಳಿಲ್ಲದ ಕೋಣೆ) ಇರೋ ರಿಕವರಿ ಲ್ಯಾಬ್‌ಗೆ ಕೊಡಿ, ಬಿಚ್ಚೋದು ಫ್ರೀಜರಲ್ಲಿಡೋದು ಏನೂ ಬೇಡ (ಆ ಫ್ರೀಜರ್ ಐಡಿಯಾ ಇನ್ನೂ ಯಾಕೆ ಓಡಾಡ್ತಿದ್ಯೋ!).

ಸದ್ದಿಲ್ಲ, ಬರೀ ಸ್ಲೋ ಅಂದ್ರೆ ಲಿನಕ್ಸ್ ಲೈವ್ ಯುಎಸ್‌ಬಿಲಿ (ಇನ್‌ಸ್ಟಾಲ್ ಮಾಡ್ದೇ ಪೆನ್‌ಡ್ರೈವ್‌ನಿಂದ್ಲೇ ಓಡೋ ಲಿನಕ್ಸ್) ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋ ಕಾಪಿ ಟೂಲ್ ಹಾಕಿ, ಇದಕ್ಕಿಂತ ದೊಡ್ಡ ಬೇರೆ ಡಿಸ್ಕ್‌ಗೆ ಪೂರ್ತಿ ಇಮೇಜ್ (ಇಡೀ ಡಿಸ್ಕ್‌ನ ಪಡಿಯಚ್ಚು) ತಗೊಳ್ಳಿ. ಅದು ಚೆನ್ನಾಗಿರೋ ಭಾಗ ಮೊದ್ಲು ಎತ್ಕೊಂಡು ಕೆಟ್ಟ ಸೆಕ್ಟರ್‌ಗಳ್ನ ಕೊನೆಗೆ ಇಟ್ಕೊಳ್ಳುತ್ತೆ, ಮ್ಯಾಪ್‌ಫೈಲ್ (ಎಲ್ಲಿವರ್ಗೂ ಓದಿದೆ ಅಂತ ಬರ್ದಿಡೋ ಫೈಲ್) ಕೊಟ್ಟಿದ್ರೆ ಮಧ್ಯ ನಿಲ್ಲಿಸಿದ್ರೂ ಅಲ್ಲಿಂದ್ಲೇ ಮುಂದುವರ್ಸುತ್ತೆ. ಸೋರ್ಸು ಡೆಸ್ಟಿನೇಷನ್ನು ಅದಲುಬದಲಾದ್ರೆ ಮಾತ್ರ ಕಥೆ ಮುಗೀತು, ಎಂಟರ್ ಒತ್ತೋ ಮುಂಚೆ ಎರಡು ಸಲ ನೋಡಿ. ಆಮೇಲೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಅಂತ ರಿಕವರಿ ಟೂಲ್ ಏನೇ ಓಡ್ಸಿದ್ರೂ ಇಮೇಜ್ ಮೇಲೇ ಓಡ್ಸಿ. ಫೋಟೋರೆಕ್‌ಲಿ ಹಳೇ ಫೈಲ್ ಹೆಸ್ರು ಸಾಮಾನ್ಯವಾಗಿ ಬರಲ್ಲ, ಫೋಟೋ ಬಂದ್ರೆ ಸಾಕು ಅಂದ್ಕೊಳ್ಳಿ.