ಕೊಡಗಿನಲ್ಲಿ ಹವ್ಯಾಸಕ್ಕೆ ಡ್ರೋನ್ ಹಾರಿಸಲು ನೋಂದಣಿ, ಲೈಸೆನ್ಸ್ ಬೇಕೇ?

ಮಡಿಕೇರಿಯ ಹತ್ತಿರದ ತೋಟದಲ್ಲಿ ಕಾಫಿ ಹೂವಿನ ವಿಡಿಯೋ ತೆಗೆಯಲು ಡ್ರೋನ್ ಕೊಳ್ಳಬೇಕು, ಯಾವ ತೂಕದ್ದು ಒಳ್ಳೆಯದು ಎಂದು ಕೇಳಿದ್ದೀರಿ.

2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ನ್ಯಾನೋಗೆ ಪೈಲಟ್ ಪ್ರಮಾಣಪತ್ರ, ಅಂದರೆ ಹಾರಿಸುವವರ ಲೈಸೆನ್ಸ್, ಬೇಡ. ಮೈಕ್ರೋ ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಲೇಬೇಕು. ಬರೀ ಹವ್ಯಾಸಕ್ಕಾದರೆ ಪೈಲಟ್ ಪ್ರಮಾಣಪತ್ರದಿಂದ ಮೈಕ್ರೋಗೂ ವಿನಾಯಿತಿ ಇದೆ. ಆದರೆ ಅದೇ ಡ್ರೋನಿನಲ್ಲಿ ದುಡ್ಡಿಗೆ ಮದುವೆ ಶೂಟಿಂಗ್ ಅಥವಾ ಹೋಂಸ್ಟೇ ಜಾಹೀರಾತು ಮಾಡಿದರೆ ಆ ವಿನಾಯಿತಿ ಹೋಯಿತು. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ.

ಲೆಕ್ಕಕ್ಕೆ ಬರುವುದು ಬ್ಯಾಟರಿ, ಹೊತ್ತ ವಸ್ತು ಎಲ್ಲ ಸೇರಿದ ಗರಿಷ್ಠ ತೂಕ. 249 ಗ್ರಾಂ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದರೆ ಅದು ಮೈಕ್ರೋ ಆಗಿಬಿಡುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ತೂಕ ಕಡಿಮೆಯಿದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಹಸಿರು ವಲಯದಲ್ಲೂ, ಅಂದರೆ ಮುಂಚಿತ ಅನುಮತಿ ಬೇಡದ ಕಡೆಯೂ, 400 ಅಡಿ ಎತ್ತರವೇ ಮಿತಿ. ನಿಮ್ಮದು ಯಾವ ವಲಯ ಎಂದು ತಿಳಿಯಲು ಮೊದಲು ವಾಯುಪ್ರದೇಶದ ನಕ್ಷೆ ನೋಡಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅರಣ್ಯಗಳಲ್ಲಿ ಇಲಾಖೆಯ ಅನುಮತಿಯಿಲ್ಲದೆ ದಯವಿಟ್ಟು ಹಾರಿಸಬೇಡಿ. ತೋಟದೊಳಗೆ ಆನೆ ಬಂದಿದ್ದರಂತೂ ಡ್ರೋನ್ ಪೆಟ್ಟಿಗೆಯಲ್ಲೇ ಇರಲಿ: ಜೇನಿನ ಝೇಂಕಾರದಂಥ ಆ ಸದ್ದಿಗೆ ಅದು ಬೆದರಿ ಓಡಿದರೆ ಅಪಾಯ ಕೆಲಸದವರಿಗೆ.

ನಿಮ್ಮ ಅಗತ್ಯಕ್ಕೆ ನ್ಯಾನೋ ಸಾಕು. ಹಗುರವಾದ್ದರಿಂದ ಮಳೆಗಾಲದ ಗಾಳಿಗೆ ತಡೆಯುವುದಿಲ್ಲ, ಆದರೆ ಹೂವಿನ ಕಾಲ ಮಾರ್ಚ್-ಏಪ್ರಿಲ್ ತಾನೆ.